ಅವರು ಇಳಿಯುವ ಮುಂಚೆ

"ಮದುವೆಯಾಗಿದೆ ಅಂತ ಬರೆದಿದ್ದೀರಿ. ಮನೆ ಸಾಲ ಮಾತ್ರ ನಿಮ್ಮೊಬ್ಬರ ಹೆಸರಿಗೇ ಯಾಕಮ್ಮ?" ಬ್ಯಾಂಕ್ ಮ್ಯಾನೇಜರ್ ಕೇಳಿದ.

"ನಮ್ಮ ಯಜಮಾನರು ಶನಿಗ್ರಹಕ್ಕೆ ಹೋದ ನೌಕೆಯಲ್ಲಿ ಮಲಗಿದ್ದಾರೆ," ಎಂದಳು ಪ್ರಮೀಳಾ.

ನೌಕೆಯ ನಿದ್ದೆಯಲ್ಲಿ ವಯಸ್ಸಾಗುವುದಿಲ್ಲವೆಂದು ಊರಿಗೆಲ್ಲ ಗೊತ್ತು. ಮದುವೆಯಾದ ತಿಂಗಳಿಗೇ ಅದನ್ನು ಹತ್ತಿದ್ದ ಗಂಡನಿಗೆ ಇನ್ನೂ ಇಪ್ಪತ್ತಾರೇ. ಇಲ್ಲಿ ಕಾದು ಕೂತ ಪ್ರಮೀಳಾಗೆ ಮೊನ್ನೆ ಐವತ್ತೆಂಟು ತುಂಬಿತು.

"ಮುಂದಿನ ತಿಂಗಳು ನೌಕೆ ಇಳಿಯುತ್ತಲ್ಲ! ಅವರ ಸಹಿ ಬೇಕೇ ಬೇಕು. ಇಬ್ಬರೂ ಜೊತೆಯಲ್ಲೇ ಬನ್ನಿ," ಎಂದು ಮ್ಯಾನೇಜರ್ ನಗುತ್ತ ಅರ್ಜಿ ವಾಪಸು ಕೊಟ್ಟ.

ಪ್ರಮೀಳಾ ನರೆಗೂದಲನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಕುರ್ಚಿಯಿಂದ ಏಳಲಿಲ್ಲ.

"ಅಷ್ಟರೊಳಗೆ ನಾನು ಬೇರೆ ಮನೆಗೆ ಹೋಗಿಬಿಡಬೇಕು ಸಾರ್. ಇಲ್ಲದಿದ್ದರೆ ಬಾಗಿಲು ತೆಗೆದ ನನ್ನನ್ನೇ ಕೇಳ್ತಾರೆ, 'ಅಮ್ಮಾ, ಪ್ರಮೀಳಾ ಇದ್ದಾಳಾ?' ಅಂತ."