ಡೊಮೇನಿನ ಮಾಲೀಕರು

"ಅಕ್ಕಾ, ಇಲ್ಲಿ ಮಾಲೀಕರು ಅಂತ ಇರೋ ಕಡೆ ನೀನಿಲ್ಲ, ಇವರಿದ್ದಾರೆ!" ತಂಗಿ ಲ್ಯಾಪ್‌ಟಾಪ್ ತಿರುಗಿಸಿದ್ದೇ ತಡ, ಶೂ ಹೊಲಿಯುವಾಕೆಗೆ ಮೈಯೆಲ್ಲ ಉರಿದುಹೋಯಿತು. ಮೂರು ವರ್ಷದ ಹಿಂದೆ ಅಂಗಡಿಯ ವೆಬ್‌ಸೈಟ್ ಮಾಡಿಕೊಟ್ಟಿದ್ದ ಡಿಸೈನರ್ ಎದುರಿಗೇ ನಿಂತಿದ್ದ. ಒಂದು ಕಾಲು ಗಿಡ್ಡವಿದ್ದ ತನ್ನ ತಾಯಿಗೆಂದು ಹೊಲಿಸಿದ್ದ ಶೂ ಒಯ್ಯಲು ಬಂದಿದ್ದ.

"ಸೈಟು ನಿಮ್ಮದೇ ಮೇಡಂ. ಡೊಮೇನ್, ಅಂದ್ರೆ ಅದರ ವಿಳಾಸ, ಅದನ್ನ ಮಾತ್ರ ನನ್ನ ಹೆಸರಲ್ಲಿ ನೋಂದಾಯಿಸಿದ್ದೀನಿ. ನೀವು ಬೇರೆ ಡಿಸೈನರ್ ಹತ್ರ ಹೋಗೋದಾದ್ರೆ ಹೊಸದೊಂದು ತಗೊಳ್ಳಿ."

"ಹೊಸದಾ? ನಡೆಯೋಕೆ ಕಷ್ಟಪಡೋ ಜನ ನನ್ನನ್ನ ಹುಡುಕೋದೇ ಆ ವಿಳಾಸದಿಂದ. ಅವರೆಲ್ಲ ಎಲ್ಲಿಗೆ ಹೋಗಬೇಕು?" ಅವಳು ದಪ್ಪ ಅಟ್ಟೆಯ ಶೂವನ್ನು ಅವನ ಮುಖದ ಮುಂದೆ ಹಿಡಿದಳು. "ಇದರೊಳಗೆ ನನ್ನ ಹೆಸರು ಹೊಲಿದುಬಿಟ್ರೆ ನಿಮ್ಮಮ್ಮನ ಶೂ ನನ್ನದಾಗುತ್ತಾ?"

ಅವಳು ಶೂಗಳನ್ನು ಚೀಲಕ್ಕೆ ಹಾಕಿ ಅವನ ಕೈಗೆ ತುರುಕಿದಳು. "ಹಿಡ್ಕೊಳ್ಳಿ. ನೀವು ಮಾಡಿದ್ದಕ್ಕೆ ಆ ತಾಯಿ ಯಾಕೆ ಕುಂಟಬೇಕು? ಆದರೆ ಈ ಬಾಗಿಲು ದಾಟೋ ಮೊದಲು ನನ್ನದನ್ನ ನನ್ನ ಹೆಸರಿಗೆ ವರ್ಗಾಯಿಸಿ."

ಅವನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಕುಳಿತ. ತನ್ನ ಖಾತೆ ತೆರೆದ, ವರ್ಗಾವಣೆಯ ಪುಟಕ್ಕೆ ಹೋದ. ಹೊಸ ಮಾಲೀಕರ ಹೆಸರು ಕೇಳುವ ಜಾಗಕ್ಕೆ ಬಂದಾಗ ಅವನ ಬೆರಳುಗಳು ನಿಂತುಬಿಟ್ಟವು. ಅಕ್ಕತಂಗಿಯರಿಬ್ಬರೂ ನೋಡುತ್ತಲೇ ಇದ್ದರು. ಕೊನೆಗೆ ಅವನು ತಲೆ ಎತ್ತದೆಯೇ ಕೇಳಿದ:

"ಮೇಡಂ... ನಿಮ್ಮ ಹೆಸರೇನು?"