ಒಂಬತ್ತನೆಯವಳು

“ಮದುವೆಯಾದವರು ಎಡಗಡೆ, ಆಗದವರು ಬಲಗಡೆ! ಒಂದು ಬದಿಗೆ ಒಂಬತ್ತೇ ಜನ. ಹತ್ತಾದರೆ ಹಗ್ಗ ಮುಟ್ಟಲಿಕ್ಕಿಲ್ಲ!”

ಯುವಕ ಮಂಡಲದ ದಸರಾ ಕ್ರೀಡಾಕೂಟದಲ್ಲಿ ಮಹಿಳೆಯರ ಹಗ್ಗಜಗ್ಗಾಟಕ್ಕೆ ಹೀಗೆ ಮೈಕಿನಲ್ಲಿ ಕರೆಯುತ್ತಿದ್ದವನು ಧನರಾಜ್. ಪುಂಜಾಲಕಟ್ಟೆಯಿಂದ ಶಿರ್ತಾಡಿಯವರೆಗೆ ಎಲ್ಲಿ ಆಟೋಟ ನಡೆದರೂ ಮೈಕ್ ಹಿಡಿಯಲು ಅವನೇ ಆಗಬೇಕು. ಆಟ ಸಪ್ಪೆಯಾದರೂ ಅವನ ಮಾತು ಸಪ್ಪೆಯಾಗುವುದಿಲ್ಲ ಎಂದು ಹೆಸರು. ಆ ಹೆಸರು ತೊಂಬತ್ತೆಂಟನೇ ಇಸವಿಯ ಹೊತ್ತಿಗೆ ಅವನ ತಲೆಗೂ ಸ್ವಲ್ಪ ಏರಿತ್ತು.

ಎಡಗಡೆ ಎಣಿಸಿದರೆ ಹತ್ತು ಹೆಂಗಸರು. ಬಲಗಡೆ ಎಂಟೇ ಹುಡುಗಿಯರು. ಎಡಗಡೆಯ ಹತ್ತನೆಯವಳು ಅವನ ಸ್ವಂತ ಅಕ್ಕ ಪದ್ಮಾಕ್ಷಿ. ವಯಸ್ಸು ನಲವತ್ತೆರಡು, ಮದುವೆಯಾಗಿಲ್ಲ. ಇಷ್ಟು ವರ್ಷ ಆಟಗಾರರಿಗೆ ಅವಲಕ್ಕಿ ಕಲಸುವುದಕ್ಕೆ ಮಾತ್ರ ಮೈದಾನಕ್ಕೆ ಬರುತ್ತಿದ್ದವಳು ಈ ಸಲ ಬೆಳಿಗ್ಗೆ ಚಾ ಕೊಡುತ್ತಾ ಕೇಳಿದ್ದಳು:

“ಧನು, ನಾನೂ ಹಗ್ಗಕ್ಕೆ ನಿಲ್ಲಬಹುದಾ? ಒಂದು ಸಲ ಎಳೆದು ನೋಡಬೇಕು ಅಂತ ಆಸೆ ಉಂಟು. ಆದರೆ ಯಾವ ಬದಿಗೆ ನಿಲ್ಲುವುದು?”

ಧನರಾಜ್ ಮೈಕಿನ ವಯರಿಗೆ ಟೇಪು ಸುತ್ತುತ್ತಿದ್ದ. “ನೀನು ಬಾ ಅಕ್ಕ, ಅದೆಲ್ಲ ಅಲ್ಲಿ ನೋಡುವ” ಎಂದಿದ್ದ. ಅಷ್ಟು ಮಾತಿಗೇ ಅವಳು ಪೆಟ್ಟಿಗೆಯಿಂದ ನೀಲಿ ಸೀರೆ ತೆಗೆದು ಉಟ್ಟು ಬಂದಿದ್ದಳು. ನೆರೆಮನೆಯ ಕಾವೇರಮ್ಮ “ಬಾ ಇಲ್ಲಿ, ನನ್ನ ಹಿಂದೆ ನಿಲ್ಲು” ಎಂದು ಕೈಹಿಡಿದು ಎಳೆದುಕೊಂಡಾಗ, ತನ್ನ ಓರಗೆಯವರೆಲ್ಲ ಇರುವುದು ಅಲ್ಲೇ ಅಲ್ಲವೇ ಎಂದು ನಿಂತುಬಿಟ್ಟಳು.

ನಿಂತವಳು ಅಕ್ಕ ಎಂದು ಧನರಾಜನಿಗೆ ಗೊತ್ತಾಯಿತು, ಆದರೆ ಅವಳ ಮುಖ ಕಾಣಲಿಲ್ಲ, ಒಂದು ತಲೆ ಹೆಚ್ಚಿರುವುದಷ್ಟೇ ಕಂಡಿತು. ಜೊತೆಗೆ ಬಾಯಿಗೆ ಒಂದು ಒಳ್ಳೆಯ ಮಾತೂ ಬಂತು. ಬಂದ ಮಾತನ್ನು ನುಂಗಿಕೊಳ್ಳುವ ಅಭ್ಯಾಸ ಅವನಿಗಿರಲಿಲ್ಲ.

“ಹೋ ಪದ್ಮಕ್ಕ! ನೀವು ಆ ಕಡೆ ಹೇಗೆ ಸೇರಿದ್ದು? ನಮಗೆ ಯಾರಿಗೂ ಊಟ ಹಾಕದೆ ನಿಮ್ಮ ಮದುವೆ ಆದದ್ದು ಯಾವಾಗ?”

ಮೈದಾನ ಗೊಳ್ಳೆಂದು ನಕ್ಕಿತು. ಹಲಸಿನ ಮರಕ್ಕೆ ಕಟ್ಟಿದ್ದ ಧ್ವನಿವರ್ಧಕ ಆ ಮಾತನ್ನು ಗುಡ್ಡೆಯ ಆಚೆಗೂ ಮುಟ್ಟಿಸಿತು. ಪೀಪಿ ಹಿಡಿದು ನಿಂತಿದ್ದ ರೆಫರಿ ಅಶ್ರಫ್ ಮಾತ್ರ ನಗಲಿಲ್ಲ. ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ಅದು ನಿನ್ನ ಅಕ್ಕ ಅಲ್ವಾ ಮಾರಾಯ? ನಿನಗೆ ಏನಾಗಿದೆ?” ಎಂದ.

ಆಗ ಧನರಾಜನಿಗೆ ಕಂಡದ್ದು ಅಕ್ಕನ ಮುಖ. ಅವನ ಕಾಲೇಜು ಮುಗಿಯಲಿ ಎಂದು ಬೀಡಿ ಕಟ್ಟುತ್ತಾ ಕುಳಿತು, ಮನೆ ಬಾಗಿಲಿಗೆ ಬಂದ ಎರಡು ಸಂಬಂಧಗಳನ್ನು ಬೇಡ ಎಂದವಳು ಅವಳು. ಅದು ಊರಿಗೇ ಗೊತ್ತಿತ್ತು, ಈಗ ನಕ್ಕವರಿಗೂ ಗೊತ್ತಿತ್ತು. ಅವನಿಗೆ ಮೈಕ್ ಅಲ್ಲೇ ಬಿಸಾಡಿ ಬಸ್ಸು ಹತ್ತಿ ಎಲ್ಲಿಗಾದರೂ ಹೋಗಿಬಿಡೋಣ ಎನಿಸುವಷ್ಟು ನಾಚಿಕೆಯಾಯಿತು. “ತಪ್ಪಾಯಿತು” ಎನ್ನಬೇಕೆಂದು ಮೈಕ್ ಎತ್ತಿದ. ಅದನ್ನೂ ಎಲ್ಲರೆದುರು ಹೇಳಿದರೆ ಅವಳಿಗೆ ಇನ್ನಷ್ಟು ಅವಮಾನ ಎಂದು ಸುಮ್ಮನೆ ಇಳಿಸಿದ.

ಪದ್ಮಾಕ್ಷಿ ಕಾವೇರಮ್ಮನ ಕೈ ಬಿಡಿಸಿಕೊಂಡಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೆಲದ ಮೇಲೆ ಚಾಚಿದ್ದ ಹಗ್ಗದ ಉದ್ದಕ್ಕೂ ನಡೆದಳು. ಮನೆಗೆ ಹೊರಟಳು ಎಂದೇ ಎಲ್ಲರೂ ತಿಳಿದರು. ಅವಳು ಹೋಗಿ ಹುಡುಗಿಯರ ಸಾಲಿನ ಬಳಿ ನಿಂತಳು.

“ಪದ್ಮಕ್ಕ, ನೀವು ಕೊನೆಗೆ ನಿಲ್ಲಿ” ಎಂದಳು ಕಾವೇರಮ್ಮನ ಮಗಳು ವಿಸ್ಮಿತಾ. “ನಮ್ಮಲ್ಲಿ ನಿಮ್ಮಷ್ಟು ಗಟ್ಟಿ ಯಾರೂ ಇಲ್ಲ.”

ಅಶ್ರಫ್ ಪೀಪಿ ಊದಿದ. ಮಳೆ ಬಿಟ್ಟು ಹದಿನೈದು ದಿನವಾಗಿತ್ತು, ಹಿಮ್ಮಡಿ ಊರಲು ನೆಲ ಹದವಾಗಿತ್ತು. ಪದ್ಮಾಕ್ಷಿ ಹಗ್ಗದ ತುದಿಯನ್ನು ಬೆನ್ನಿಗೆ ಸುತ್ತಿಕೊಂಡು ಹಿಂದಕ್ಕೆ ವಾಲಿದವಳು ಮತ್ತೆ ಮುಂದಕ್ಕೆ ಬರಲೇ ಇಲ್ಲ. ಮದುವೆಯಾದವರ ಬದಿಯೇ ಎರಡೂ ಸಲ ಗೆರೆ ದಾಟಿ ಈಚೆ ಬಂತು. ಧನರಾಜ್ ಒಂದು ಮಾತೂ ಆಡದೆ ನಡೆದ ಆಟ ಆ ದಿನ ಅದೊಂದೇ.

ಗೆದ್ದವರಿಗೆ ತಲಾ ಒಂದು ಸ್ಟೀಲಿನ ಬಟ್ಟಲು. ಹೆಸರು ಕರೆಯುವ ಕೆಲಸ ಮಾತ್ರ ತಪ್ಪುವಂತಿರಲಿಲ್ಲ. ಎಂದಿನ ರೂಢಿಯಂತೆ “ಕುಮಾರಿ ವಿಸ್ಮಿತಾ” ಎಂದು ಶುರುಮಾಡಿ ಎಂಟು ಹೆಸರು ಕರೆದ. ಒಂಬತ್ತನೆಯದಕ್ಕೆ ಬಂದು ನಿಂತ. ಕುಮಾರಿ ಎಂದರೆ ಮತ್ತೆ ನಗುತ್ತಾರೆ. ಬಿಟ್ಟರೆ, ಅವಳೊಬ್ಬಳಿಗೆ ಯಾಕೆ ಬಿಟ್ಟ ಎಂದು ಎಲ್ಲರೂ ತಿರುಗಿ ನೋಡುತ್ತಾರೆ. ಧ್ವನಿವರ್ಧಕದಲ್ಲಿ ಅವನ ಉಸಿರು ಮಾತ್ರ ಕೇಳಿಸುತ್ತಿತ್ತು.

ಪದ್ಮಾಕ್ಷಿ ತಾನೇ ಮೇಜಿನ ಬಳಿಗೆ ಬಂದಳು. ಹಗ್ಗ ಉಜ್ಜಿ ಸುಲಿದ ಅಂಗೈಯಿಂದ ಮೊದಲು ಮೈಕನ್ನು ಮುಚ್ಚಿದಳು. ಆಮೇಲೆ ಮಾತಾಡಿದಳು.

“ಕುಮಾರಿ ಅಂತಲೇ ಹೇಳು ಧನು. ನಾನು ಊಟ ಹಾಕಿದ್ದು ಯಾರಿಗೆ ಅಂತ ಮೈಕಿನಲ್ಲಿ ಹೇಳುವುದಿಲ್ಲ, ಹೆದರಬೇಡ.”

ಅಂಗೈ ತೆಗೆದಳು.