ಟೇಪಿನಲ್ಲಿ ಉಳಿದ ನಗು

ಡೆಸ್ಮಂಡ್ ಚಹಾದ ಮೇಜಿನ ಮೇಲೆ ಹಳೆಯ ಟೇಪ್ ರೆಕಾರ್ಡರ್ ಇಟ್ಟು ಗುಂಡಿ ಒತ್ತಿದ. ಕರಕರ ಸದ್ದಿನ ಹಿಂದೆಯೇ ಹರೆಯದ ಹೆಣ್ಣುದನಿಯೊಂದು ಕೇಳಿಸಿತು. ಎನಿಡ್ ಹ್ಯಾಲಮ್ ಅದ್ದಿ ಹಿಡಿದಿದ್ದ ಬಿಸ್ಕತ್ತು ಚಹಾದೊಳಗೇ ಮುರಿದುಬಿತ್ತು.

"ಅಯ್ಯೋ, ನಾನೇನಾ ಇದು? ಹೀಗೆ ಬಡಬಡಾಂತ ಮಾತಾಡ್ತಿದ್ನಾ?"

"ನೀವೇ ಮೇಡಂ. ನಮ್ಮಮ್ಮ ರೆಕಾರ್ಡ್ ಮಾಡ್ಕೊಳ್ಳೋಕೆ ಟಿವಿ ಮುಂದೆ ಮೈಕು ಹಿಡ್ಕೊಂಡು ಕೂತಿರ್ತಿದ್ಲು. ಕೆಮ್ಮಿದ್ರೂ ನಮಗೆ ಏಟು ಬೀಳ್ತಿತ್ತು."

ಎಂಬತ್ತು ದಾಟಿದ ಎನಿಡ್ ಹರೆಯದಲ್ಲಿ ತಾನೇ ಬರೆದು ತಾನೇ ನಟಿಸಿದ ನಗೆ ಕಾರ್ಯಕ್ರಮ ಎರಡು ವರ್ಷ ಟಿವಿಯಲ್ಲಿ ಓಡಿತ್ತು. ಆಗ ಟಿವಿಯವರ ಟೇಪು ಬಲು ತುಟ್ಟಿ. ಪ್ರಸಾರ ಮುಗಿದದ್ದೇ ಅಳಿಸಿ, ಅದರ ಮೇಲೆ ಕುದುರೆ ಪಂದ್ಯವನ್ನೋ ಫುಟ್‌ಬಾಲನ್ನೋ ತುಂಬಿಬಿಡುತ್ತಿದ್ದರು. ಅವಳದ್ದು ಒಂದು ಕಂತೂ ಉಳಿಯಲಿಲ್ಲ. ಆಮೇಲೆ ಕಾರ್ಮಿಕರ ಕ್ಲಬ್ಬುಗಳಲ್ಲಿ, ಬಿಯರ್ ಹೀರುವವರ ಬೆನ್ನಿಗೆ ಜೋಕು ಹೇಳಿ ಹೊಟ್ಟೆ ಹೊರೆದಳು. "ನಾನೂ ಟಿವಿಯಲ್ಲಿದ್ದೆ" ಎಂದರೆ ಅವಳಿರುವ ಸ್ಕಾರ್ಬರೋ ಊರಿನ ನೆರೆಯವರು, ಪಾಪ, ಮುದುಕಿಗೆ ಅರಳುಮರಳು ಎಂದುಕೊಳ್ಳುತ್ತಿದ್ದರು. ಈಗ, ಎಂದೂ ಕಂಡಿರದ ಈ ಡೆಸ್ಮಂಡ್ ತನ್ನ ತಾಯಿ ದನಿಯನ್ನಷ್ಟೇ ಹಿಡಿದಿಟ್ಟಿದ್ದ ಟೇಪನ್ನು ಹುಡುಕಿ ತಂದಿದ್ದಾನೆ. ಮಾತು ಸ್ಪಷ್ಟವಾಗಿದ್ದರೆ ಕ್ರಿಸ್‌ಮಸ್‌ಗೆ ಹಾಕುತ್ತೇವೆಂದು ರೇಡಿಯೋದವರು ಹೇಳಿದ್ದಾರೆ. ಸಾಯುವ ಮುಂಚೆ ಇನ್ನೊಮ್ಮೆ ಊರಿಗೆಲ್ಲ ಕೇಳಿಸಬೇಕು. ಅವಳಿಗೆ ಉಳಿದಿದ್ದ ಆಸೆ ಅದೊಂದೇ.

ಟೇಪಿನಲ್ಲಿ ಮೀನಂಗಡಿಯ ಪ್ರಸಂಗ ಬಂತು. ಗಂಡ ಸತ್ತ ಮೇಲೂ ಶುಕ್ರವಾರದ ಕರಿದ ಮೀನನ್ನು ಇಬ್ಬರಿಗೆ ಕೊಳ್ಳುವ ವಿಧವೆಯ ಪಾತ್ರ ಎನಿಡ್‌ಳದು. "ಎರಡು ಯಾಕಮ್ಮಾ? ಯಜಮಾನರು ಹೋಗಿ ವರ್ಷ ಆಯ್ತಲ್ಲ?" ಎಂದ ಅಂಗಡಿಯವನು. ವಿಧವೆ ಉತ್ತರ ಹೇಳತೊಡಗಿದಳು. ಅಷ್ಟರಲ್ಲಿ ಮೈಕಿನ ಪಕ್ಕದಲ್ಲೇ ಒಬ್ಬ ಹೆಂಗಸು ಗೊಳ್ಳೆಂದು ನಕ್ಕಳು. ನಕ್ಕಳು, ಉಸಿರು ಕಟ್ಟಿ ಮತ್ತೆ ನಕ್ಕಳು. ಉತ್ತರವೆಲ್ಲ ಅದರಲ್ಲಿ ಮುಳುಗಿಹೋಯಿತು.

"ಅಲ್ಲಿ ನಾನೇನಂದೆ?" ಎನಿಡ್ ಹಣೆ ಒತ್ತಿಕೊಂಡಳು. "ನೆನಪೇ ಇಲ್ವಲ್ಲೋ!"

"ಅಮ್ಮನ ನಗು ಅದು. ಕ್ಷಮಿಸಿ ಮೇಡಂ. ಅಪ್ಪ ಗಣೀಲಿ ತೀರ್ಕೊಂಡ್ಮೇಲೆ ಅವಳು ಬಾಯ್ಬಿಟ್ಟು ನಕ್ಕಿದ್ದು ಅವತ್ತೇ ಮೊದಲು. ನಾವು ಮಕ್ಕಳು ಹೆದರಿಬಿಟ್ಟಿದ್ವಿ." ಡೆಸ್ಮಂಡ್ ತಲೆ ತಗ್ಗಿಸಿದ. "ಈಗ ಯಂತ್ರ ಇದೆಯಂತೆ. ಆ ನಗು ಒರೆಸಿ ನಿಮ್ಮ ಮಾತು ಮೇಲಕ್ಕೆ ತರ್ತಾರಂತೆ. ಹಾಗೆ ಮಾಡ್ದಿದ್ರೆ ಹಾಕಲ್ವಂತೆ. ನನಗೇನೂ ಬೇಜಾರಿಲ್ಲ."

ಎನಿಡ್‌ಗೆ ಆ ಕಾಲದ ಚಿತ್ರೀಕರಣ ನೆನಪಾಯಿತು. ಸ್ಟುಡಿಯೋದಲ್ಲಿ ಜನರನ್ನು ನಗಿಸಲೆಂದೇ ಒಬ್ಬನಿದ್ದ. ಅವನು ಕೈಯೆತ್ತಿದರೆ ಸಭೆ ನಗುತ್ತಿತ್ತು, ಇಳಿಸಿದರೆ ನಿಲ್ಲಿಸುತ್ತಿತ್ತು. ಅವರು ನಕ್ಕದ್ದು ತನಗೋ ಆ ಕೈಗೋ ಎಂಬ ಅನುಮಾನ ಅವಳನ್ನು ಇಷ್ಟು ವರ್ಷವೂ ಹುಳದ ಹಾಗೆ ಕೊರೆದಿತ್ತು. ಕ್ರಿಸ್‌ಮಸ್ಸಿನ ರೇಡಿಯೋ ಕೈತಪ್ಪುವುದು ಅವಳಿಗೆ ಬೇಡವಾಗಿತ್ತು, ಸುಳ್ಳೇಕೆ. ಆದರೂ ಕೈ ಚಾಚಿ ಟೇಪನ್ನು ತಾನೇ ಹಿಂದಕ್ಕೆ ತಿರುಗಿಸಿದಳು. ಹೆಂಗಸು ಮತ್ತೆ ಗೊಳ್ಳೆಂದಳು. ಅವಳ ಮನೆಯಲ್ಲಿ ಯಾರೂ ಕೈಯೆತ್ತಿರಲಿಲ್ಲ.

"ರೇಡಿಯೋದವ್ರಿಗೆ ಹೇಳಪ್ಪಾ," ಎಂದಳು ಕಣ್ಣೊರೆಸಿಕೊಳ್ಳುತ್ತ. "ಒರೆಸ್ಲೇಬೇಕು ಅಂದ್ರೆ ನನ್ನ ಮಾತು ಒರೆಸ್ಲಿ. ನಿಮ್ಮಮ್ಮನ ನಗು ಮಾತ್ರ ಮುಟ್ಟೋ ಹಾಗಿಲ್ಲ."